ಮಷಿನ್ ಸದ್ದಿನಲ್ಲಿ ಕೇಳಿಸದ ಫೋನು

ಚಿಗಟೇರಿಯ ಸಿದ್ದಲಿಂಗನಿಗೆ ಮೆಕ್ಕೆಜೋಳ ಒಕ್ಕುವ ಮಷಿನ್ ಎರಡಿದ್ದವು. ಬಂದ ಫೋನ್ ಎತ್ತಲು ಮಾತ್ರ ಯಾರೂ ಇರಲಿಲ್ಲ.

ಎರಡೂ ಮಷಿನ್‌ಗಳ ಮೇಲೆ ಅವನದೇ ನಂಬರು, ಕೆಂಪು ಬಣ್ಣದಲ್ಲಿ. ಒಂದನ್ನು ಅವನೇ ನಡೆಸುತ್ತಿದ್ದ, ಇನ್ನೊಂದಕ್ಕೆ ಪ್ರವೀಣಕುಮಾರ್ ಎಂಬ ಡ್ರೈವರ್. ಮಷಿನ್ ತಿರುಗತೊಡಗಿದರೆ ಪಕ್ಕದಲ್ಲಿ ನಿಂತವರ ಕೂಗೇ ಕೇಳುವುದಿಲ್ಲ, ಜೇಬಿನ ಫೋನ್ ಕೇಳೀತೆ? ಸಂಜೆ ಮನೆಗೆ ಬಂದು, ಮೈಮೇಲಿನ ಹೊಟ್ಟು ಕೊಡವಿಕೊಂಡು ಫೋನ್ ನೋಡುತ್ತಿದ್ದ. "ಬೇಕಾದವ್ರು ಮತ್ತ ಮಾಡ್ತಾರ ಬಿಡು" ಎನ್ನುತ್ತಿದ್ದ.

ಅವರು ಮತ್ತೆ ಮಾಡುತ್ತಿರಲಿಲ್ಲ. ಕಣದಲ್ಲಿ ತೆನೆ ಹರವಿ, ತಲೆ ಮೇಲೆ ಮೋಡ ಕಂಡ ರೈತ ಯಾರ ದಾರಿಯನ್ನೂ ಕಾಯುವುದಿಲ್ಲ. ಮುಂದಿನ ನಂಬರು ಒತ್ತುತ್ತಾನೆ.

ಹೋದ ಸುಗ್ಗಿಯಲ್ಲಿ ಎರಡನೇ ಮಷಿನ್ ಮನೆ ಮುಂದೆಯೇ ನಿಂತಿತ್ತು. ಈ ವರ್ಷ ದೀಪಾವಳಿ ಮುಗಿದು ಒಕ್ಕಣೆ ಶುರುವಾದರೂ ನಿಂತೇ ಇತ್ತು.

"ಮಷಿನ್ ತೊಗೊಳ್ಳಾಕ ಕಾನಹೊಸಹಳ್ಳಿಯಿಂದ ಒಂದು ಪಾರ್ಟಿ ಬರತೈತಿ, ಕೊಟ್ಟುಬಿಡ್ತೀನಿ" ಎಂದ ಸಿದ್ದಲಿಂಗ. "ಕೆಲಸ ಇಲ್ಲದ ಮ್ಯಾಲ ಇಟ್ಕೊಂಡು ಏನ್ ಪೂಜಿ ಮಾಡೂದೈತೇನು?"

ಹೆಂಡತಿ ಗೀತಾಂಜಲಿಗೆ ಸಿಟ್ಟು ಬಂತು. ಎರಡನೇ ಮಷಿನ್ ತರಲೇಬೇಕೆಂದು ಹಟ ಹಿಡಿದವಳು ಅವಳೇ. "ಕೆಲಸ ಇಲ್ಲ ಅಂತ ಯಾರು ಹೇಳಿದ್ರು ನಿಮಗ? ನಮ್ಮ ಹಳೇ ಗಿರಾಕಿ ಗುರುಬಸವರಾಜಣ್ಣ ಬಸ್‌ಸ್ಟ್ಯಾಂಡ್‌ನ್ಯಾಗ ಸಿಕ್ಕಿದ್ರು. 'ನಿನ್ನ ಗಂಡ ದೊಡ್ಡ ಮನುಷ್ಯ ಆಗ್ಯಾನವ್ವ, ಫೋನ್ ಎತ್ತಂಗಿಲ್ಲ' ಅಂದ್ರು. ಅವರ ರಾಶಿ ಬ್ಯಾರೆ ಮಷಿನ್‌ನವರು ಮಾಡಿ ಹೋಗ್ಯಾರ."

ಆದರೂ ಸಿದ್ದಲಿಂಗ ತೀರ್ಮಾನ ಬದಲಿಸಲಿಲ್ಲ.

ಗೀತಾಂಜಲಿಯ ಹಾಸ್ಟೆಲ್ ಗೆಳತಿ ಸುಮಂಗಲಾ ಹಗರಿಬೊಮ್ಮನಹಳ್ಳಿಯ ಒಂದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಗೀತಾಂಜಲಿ ಅವಳನ್ನು ಮನೆಗೆ ಕರೆಸಿದಳು.

"ನಮ್ಮ ಅಂಗಡಿಗೆ ನಂಬರ್ ಒಂದ, ಎತ್ತೋರು ನಾಕು ಮಂದಿ" ಎಂದಳು ಸುಮಂಗಲಾ. "ಇದಕ್ಕ ವರ್ಚುವಲ್ ನಂಬರ್ ಅಂತಾರ್ರಿ ಅಣ್ಣಾರ. ಬ್ಯಾರೆ ಫೋನ್ ಬ್ಯಾಡ, ಬ್ಯಾರೆ ಸಿಮ್ ಬ್ಯಾಡ. ಗಿರಾಕಿ ಆ ನಂಬರಿಗೆ ಮಾಡಿದ ಕೂಡ್ಲೆ ಮೊದಲು ಗೀತಾನ ಫೋನ್ ಬಡಿತೈತಿ. ಅಕಿ ಎತ್ತಲಿಲ್ಲಂದ್ರ ಪ್ರವೀಣಂದು. ಅವನೂ ಎತ್ತಲಿಲ್ಲಂದ್ರ ಯಾರು ಮಾಡಿದ್ರು ಅಂತ ನಿಮ್ಮೆಲ್ಲರಿಗೂ ಮೆಸೇಜ್ ಬರತೈತಿ."

"ನಂದು ಬಡಿಯಂಗಿಲ್ಲೇನು?" ಎಂದ ಸಿದ್ದಲಿಂಗ.

"ಬಡಿದಾಗ ಎಂದಾರ ಎತ್ತೀರೇನು?" ಎಂದಳು ಗೀತಾಂಜಲಿ.

ಸಿದ್ದಲಿಂಗ ಸುಮ್ಮನಾಗುವ ಆಳಲ್ಲ. "ದೊಡ್ಡ ಆಫೀಸಿನವ್ರಿಗೆ ಸರಿ ತಂಗಿ. ನಾನೇನು ಮಷಿನ್ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂದ್ರಲೇನು?"

"ಆಫೀಸ್ ಇಲ್ಲದವ್ರಿಗೇ ಇದು ಬೇಕಾಗಿರೂದು."

"ಮಷಿನ್ ಮ್ಯಾಲ ಹಳೇ ನಂಬರ್ ಬರಸೇನಲ್ಲ?"

"ಇರಲಿ ಬಿಡ್ರಿ. ನೀವು ಎತ್ತದ ಕರೆ ತಾನ ಹೊಸ ನಂಬರಿಗೆ ಹೋಗೂ ಹಂಗ ನಿಮ್ಮ ಫೋನಿನ್ಯಾಗ ಹಾಕಿಕೊಡ್ತೀನಿ."

"ನಾಳೆ ಪ್ರವೀಣ ಬಿಟ್ಟು ಹೋದ್ರ?"

"ಅವನ ನಂಬರ್ ತಗದು ಹೊಸಬಂದು ಹಾಕ್ರಿ. ಗಿರಾಕಿ ಹತ್ರ ಇರೂ ನಂಬರ್ ನಿಮ್ಮದ, ಎಲ್ಲಿಗೂ ಹೋಗಂಗಿಲ್ಲ." ಸುಮಂಗಲಾ ಎಚ್ಚರಿಕೆಯನ್ನೂ ಹೇಳಿದಳು. "ತಿಂಗಳ ಬಾಡಿಗಿ ಐತಿ. ಮಾತಾಡಿದ ನಿಮಿಷಕ್ಕ ಬ್ಯಾರೆ ತೊಗೊಂತಾರೇನು, ಮೊದ್ಲ ಕೇಳ್ರಿ. ಕಂಪನಿ ಬದಲಿಸಿದ್ರ ನಂಬರ್ ನಮಗ ಉಳಿತೈತೇನು, ಅದನ್ನೂ ಕೇಳ್ರಿ. ಗುರುತಿನ ದಾಖಲಿ, ವ್ಯಾಪಾರದ ದಾಖಲಿ ಕೇಳ್ತಾರ, ಅದು ಸರಿ. ಓಟಿಪಿ ಮಾತ್ರ ಯಾರಿಗೂ ಬಾಯಿಬಿಟ್ಟು ಹೇಳಬ್ಯಾಡ್ರಿ."

ಕಾನಹೊಸಹಳ್ಳಿಯವರಿಗೆ ಮುಂದಿನ ಸೋಮವಾರ ಬನ್ನಿ ಎಂದು ಹೇಳಿಸಲು ಗೀತಾಂಜಲಿ ಗಂಡನನ್ನು ಒಪ್ಪಿಸಿದಳು. ಅವಳ ಕೈಲಿದ್ದದ್ದು ಒಂದೇ ವಾರ.

ನಂಬರು ಬಂತು. ಫೋನ್ ಮಾಡಿದವರಿಗೆ ಮೊದಲು ಕೇಳಿಸುವ ಸ್ವಾಗತದ ಮಾತನ್ನು ಸಿದ್ದಲಿಂಗ ತಾನೇ ಮಾಡಿಸುತ್ತೇನೆಂದ. ಮದುವೆ ಸಮಾರಂಭಗಳಲ್ಲಿ ಮೈಕ್ ಹಿಡಿಯುವ ಗೆಳೆಯನೊಬ್ಬನಿಂದ ಗಂಭೀರವಾಗಿ ಹೇಳಿಸಿದ. "ನಮ್ಮ ಕೃಷಿ ಯಂತ್ರೋಪಕರಣ ಸೇವಾ ಸಂಸ್ಥೆಗೆ ತಮಗೆ ಆದರದ ಸುಸ್ವಾಗತ. ತಮ್ಮ ಕರೆ ನಮಗೆ ಅತ್ಯಮೂಲ್ಯ." ಹಿಂದೆ ವೀಣೆಯ ನಾದ.

ಮೂರು ದಿನ ಮೆಸೇಜುಗಳೇ ಬಂದವು. ಗೀತಾಂಜಲಿಯ ಫೋನ್ ಬಡಿಯುವ ಮೊದಲೇ ಕರೆ ಮಾಡಿದವರು ಇಟ್ಟುಬಿಡುತ್ತಿದ್ದರು.

"ನೋಡಿದ್ಯಾ ನಿನ್ನ ಗೆಳತಿ ಪ್ಲಾನು?" ಎಂದ ಸಿದ್ದಲಿಂಗ. "ಸೋಮವಾರ ಅವರು ಬಂದ್ರ ಸುಮ್ನ ಒಳಗಿರು."

ಗೀತಾಂಜಲಿ ಮೆಸೇಜಿನಲ್ಲಿದ್ದ ಒಂದು ನಂಬರಿಗೆ ತಿರುಗಿ ಮಾಡಿದಳು. ಎತ್ತಿದವಳು ಕೊಟ್ಟೂರು ಕಡೆಯ ರೈತ ಹೆಂಗಸು ಹಂಪಕ್ಕ.

"ಯವ್ವಾ, ಅದು ನಿಮ್ಮ ಮಷಿನ್ನೇನ? ಸಾಲ ಬೇಕೇನು ಅಂತ ಮಾಡ್ತಾರಲ್ಲ, ಆ ಕಂಪನಿ ಅಂದ್ಕೊಂಡೆ. 'ಆದರದ ಸುಸ್ವಾಗತ' ಅಂದ್ರು, ಸಂಗೀತ ಹಚ್ಚಿದ್ರು, ಇಟ್ಟುಬಿಟ್ಟೆ."

ಗೀತಾಂಜಲಿಗೆ ನಗು ತಡೆಯಲಾಗಲಿಲ್ಲ. ಅಂದೇ ವೀಣೆ ತೆಗೆಸಿ, ತನ್ನ ದನಿಯಲ್ಲೇ ಹೇಳಿದಳು: "ಸಿದ್ದಲಿಂಗಣ್ಣನ ಮೆಕ್ಕೆಜೋಳದ ಮಷಿನ್ ಐತ್ರಿ. ನಾನು ಅವರ ಮನಿಯಾಕಿ. ಇಡಬ್ಯಾಡ್ರಿ, ಎತ್ತಾಕ ಹತ್ತೀನಿ."

ಮರುದಿನ ಯಾರೂ ಇಡಲಿಲ್ಲ. ಶನಿವಾರ ಮೋಡ ಕವಿಯಿತು. ಗೀತಾಂಜಲಿ ರೊಟ್ಟಿ ಬಡಿಯುವುದನ್ನು ಬಿಟ್ಟು ಫೋನ್ ಹಿಡಿದು ಕೂತಳು. ಅವಳ ಫೋನ್ ಬಿಡುವಿಲ್ಲದಾಗ, ಕಣದಿಂದ ಕಣಕ್ಕೆ ಹೋಗುವ ದಾರಿಯಲ್ಲಿ ಪ್ರವೀಣಕುಮಾರ್ ಎತ್ತಿದ. ಯಾವ ಕಣ ಮೊದಲು, ಯಾವುದು ಆಮೇಲೆ ಎಂದು ಅವಳೇ ಹೇಳಿ ಮಷಿನ್ ಕಳಿಸಿದಳು.

ಸೋಮವಾರ ಕಾನಹೊಸಹಳ್ಳಿಯವರು ಬಂದಾಗ ಮನೆ ಮುಂದೆ ಮಷಿನ್ ಇರಲಿಲ್ಲ. ಅದು ಹಂಪಕ್ಕನ ಕಣದಲ್ಲಿತ್ತು.

"ಕೊಡೂದಿಲ್ರಿ" ಎಂದ ಸಿದ್ದಲಿಂಗ. "ಚಾ ಕುಡುದು ಹೋಗ್ರಿ. ಮೂರನೇದು ಎಲ್ಯಾರ ಮಾರಾಕ ಇದ್ರ ಹೇಳ್ರಿ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನೀವು ಹೊಲಿಗೆಯವರಿರಬಹುದು, ರೊಟ್ಟಿ ಮಾಡಿ ಮಾರುವವರಿರಬಹುದು, ಮೋಟಾರ್ ರಿಪೇರಿಯವರಿರಬಹುದು. ಕೈ ಕೆಲಸದಲ್ಲಿದ್ದಾಗ ನಿಮ್ಮ ಫೋನ್ ಯಾರು ಎತ್ತುತ್ತಾರೆ? ಮೊದಲು ಯಾರು, ಆಮೇಲೆ ಯಾರು ಎಂದು ಇವತ್ತೇ ಮನೆಯಲ್ಲಿ, ಸಂಘದಲ್ಲಿ ಮಾತಾಡಿಕೊಳ್ಳಿ. ಎರಡು ಮೂರು ಕಂಪನಿಗಳ ದರ ವಿಚಾರಿಸಿ, ವ್ಯಾಪಾರಕ್ಕೆ ಒಂದು ನಂಬರು ಮಾಡಿಕೊಳ್ಳಿ. ಸ್ವಾಗತದ ಮಾತು ನಿಮ್ಮ ಬಾಯಿಯ ಮಾತಾಗಿರಲಿ.

ತಡ ಮಾಡಬೇಡಿ. ಸಿದ್ದಲಿಂಗ ತಡ ಮಾಡಿದ. ಅದಕ್ಕೆ ಅವನು ಕಳೆದುಕೊಂಡದ್ದು ಎರಡನೇ ಮಷಿನ್‌ನ ಒಂದು ಇಡೀ ಸುಗ್ಗಿ, ಮೂರು ಹಳ್ಳಿಯ ಗಿರಾಕಿಗಳು. ಎರಡು ಹಳ್ಳಿಯವರು ತಿರುಗಿ ಬಂದರು. ಒಂದು ಹಳ್ಳಿ ಬರಲಿಲ್ಲ.