ಮಗ್ಗದ ಹಿಂದಿನ ಇಬ್ಬರು ಹೆಂಗಸರು

ಹಳೆಯ ಬ್ರಿಟಿಷ್ ಸಿನಿಮಾಗಳ ಬಗ್ಗೆ ನನಗಿರುವ ಅಭಿಪ್ರಾಯಗಳು ಯಾರಿಂದಲೂ ಎರವಲು ತಂದವಲ್ಲ. ಉತ್ತರ ಇಂಗ್ಲೆಂಡಿನ ಕೋಲ್ನ್ ಊರಿನಲ್ಲಿ ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮೇಲೆ, ಪ್ರತಿ ಗುರುವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಯಾರಿಗೂ ನೆನಪಿಲ್ಲದ ಸಿನಿಮಾಗಳನ್ನು ತೋರಿಸುತ್ತಾ ಬಂದಿದ್ದೇನೆ. ದೊಡ್ಡ ಚಿತ್ರ ಶುರುವಾಗುವ ತನಕ ಹೊತ್ತು ತುಂಬಿಸಲೆಂದು ಹತ್ತೇ ದಿನದಲ್ಲಿ ತೆಗೆದು ಬಿಸಾಕಿದ ಒಂದು ಗಂಟೆಯ ಚಿತ್ರಗಳು. ಅರ್ಧಕ್ಕರ್ಧ ಕಸ. ಆದರೂ ನಾನು ಹೇಳುವುದಿಷ್ಟು: ಮುಂದೆ ನಿಂತ ನಾಯಕ ಸುಳ್ಳಾಡುತ್ತಿರುವಾಗ ಅವನ ಹಿಂದೆ ಬಸ್ಸಿಗೆ ಕಾಯುವವರು, ಮೀನು ಕೊಳ್ಳುವವರು ನಿಜವಾಗಿ ಬದುಕುತ್ತಿರುತ್ತಾರೆ. ನೋಡಬೇಕಾದ್ದು ಅವರನ್ನು.

ಆ ಗುರುವಾರ ತೋರಿಸಿದ್ದು ‘ಹತ್ತನೇ ಮಗ್ಗ’. ೧೯೫೨ರಲ್ಲಿ ನಮ್ಮೂರಿನ ಬಟ್ಟೆ ಗಿರಣಿಯಲ್ಲೇ, ಅಲ್ಲಿ ನೇಯುವ ಹೆಂಗಸರನ್ನೇ ಹಿಂದೆ ನಿಲ್ಲಿಸಿ ತೆಗೆದದ್ದು. ಐವತ್ತಾರು ವರ್ಷ ಎಲ್ಲೋ ಡಬ್ಬದಲ್ಲಿ ಬಿದ್ದಿದ್ದು ಈಗ ಡಿವಿಡಿಯಾಗಿ ಬಂದಿತ್ತು. ಅದರಲ್ಲಿ ನನ್ನ ಅಮ್ಮ ಹೆಟ್ಟಿ ಹಾವರ್ತ್ ಇದ್ದಾಳೆ. ಗಿರಣಿ ಮಾಲೀಕನ ಮಗ ಕೈಬಿಟ್ಟನೆಂದು ನಾಯಕಿ ಅಳುತ್ತಾ ನೇಯುವಾಗ, ಅವಳ ಹಿಂದೆ ನಿಂತು, ಪಿಟೀಲಿನ ಸದ್ದಿನಡಿ ಬರೀ ತುಟಿಯಾಡಿಸುವಂತೆ ಕಾಣುವ ಇಬ್ಬರಲ್ಲಿ ಬಲಗಡೆಯವಳು.

ಮೊದಲ ಸಲ ಅದನ್ನು ನೋಡಿದಾಗ ನನಗೆ ಏಳು ವರ್ಷ, ಅಮ್ಮನ ಪಕ್ಕದಲ್ಲಿ ಕುಳಿತಿದ್ದೆ. ಅದಕ್ಕೆ ಕೆಲವು ತಿಂಗಳ ಹಿಂದೆಯಷ್ಟೇ ಅಪ್ಪ ನಮ್ಮನ್ನು ಬಿಟ್ಟು ಕವೆಂಟ್ರಿಯ ಕಾರು ಕಾರ್ಖಾನೆ ಸೇರಿದ್ದ. ನಾಯಕಿ ಅತ್ತಾಗ ಚಿತ್ರಮಂದಿರವೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ಥಟ್ಟನೆ ಮೌನ. ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಳು. ನಟನೆ ಕೆಟ್ಟದಾಗಿತ್ತು, ಜನ ನಕ್ಕರು ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ.

ಚಿತ್ರದ ಬಗ್ಗೆ ಮಾತಾಡಲು ಮ್ಯಾಂಚೆಸ್ಟರಿನಿಂದ ಇಮೊಜೆನ್ ಪ್ಯಾಸ್ಕೊ ಎಂಬ ಅಧ್ಯಾಪಕಿ ಬಂದಿದ್ದರು. ಮೂವತ್ತರ ಆಸುಪಾಸಿನ ಹುಡುಗಿ, ಚುರುಕು.

“ನಿಜ ಹೇಳ್ತೀನಿ, ಈ ಸಿನಿಮಾನ ಜನ ಮರೆತಿದ್ದರಲ್ಲಿ ತಪ್ಪೇನಿಲ್ಲ” ಎಂದರು. “ಆದ್ರೆ ಆ ಒಂದು ದೃಶ್ಯ ಇದೆಯಲ್ಲ, ಅದು ಮಾತ್ರ ಅದ್ಭುತ. ಹಿಂದೆ ಆ ಇಬ್ಬರು ಹೆಂಗಸರು ಸದ್ದಿಲ್ದೆ ಪ್ರಾರ್ಥನೆ ಮಾಡ್ತಾರೆ. ನಾಯಕಿಯ ದುಃಖನ ಇಡೀ ಊರೇ ಹೊತ್ತುಕೊಂಡ ಹಾಗೆ.”

ಮುಂದಿನ ಸಾಲಿನಿಂದ ಫ್ಲಾಸ್ಕಿನ ಮುಚ್ಚಳ ಟಪ್ಪೆಂದು ಮುಚ್ಚಿದ ಸದ್ದಾಯಿತು. ಐವಿ ಟ್ಯಾಟರ್ಸಾಲ್. ಎಪ್ಪತ್ತೇಳು ವರ್ಷ. ಹದಿನೈದಕ್ಕೇ ಗಿರಣಿ ಸೇರಿದವಳು.

“ಪ್ರಾರ್ಥನೆನಾ? ಆ ಎಡಗಡೆ ಇರೋ ಮ್ಯಾಜ್ ಸಟ್‌ಕ್ಲಿಫ್ ಮದುವೆ ದಿನ ಬಿಟ್ರೆ ಚರ್ಚಿನ ಮೆಟ್ಲು ಹತ್ತಿದೋಳಲ್ಲ ಕಣಮ್ಮ.” ನನ್ನತ್ತ ತಿರುಗಿದಳು. “ಕ್ಲಿಫ್, ಅದನ್ನ ಇನ್ನೊಂದ್ಸಲ ಹಾಕೋ.”

“ಮಿಸೆಸ್ ಟ್ಯಾಟರ್ಸಾಲ್, ನಿಮಗೆ ಅವರ ಮಾತು...” ಇಮೊಜೆನ್ ಅಚ್ಚರಿಪಟ್ಟರು.

“ಗೊತ್ತಾಗತ್ತೆ. ಮುನ್ನೂರು ಮಗ್ಗ ಬಡ್ಕೊಳ್ಳೋ ಕಡೆ ಕಿವಿ ಕೆಲ್ಸಕ್ಕೆ ಬರತ್ತೇನು? ನಾವೆಲ್ಲ ತುಟೀಲೇ ಮಾತಾಡಿ, ಕಣ್ಣಲ್ಲೇ ಕೇಳಿಸ್ಕೊಂಡೋರು. ಪಿಟೀಲು ಹಾಕ್ಬಿಟ್ರೆ ನಮ್ಮ ಬಾಯಿ ಮುಚ್ಚತ್ತೆ ಅನ್ಕೊಂಡಿದ್ರು ಲಂಡನ್ನಿನೋರು.”

ಅದು ನಿಜ. ನನಗೆ ಕೇಳಿಸಬಾರದ್ದನ್ನೆಲ್ಲ ಅಮ್ಮ ಬೀದಿಯಾಚೆಯ ಮನೆಯವರೊಂದಿಗೆ ಹಾಗೇ ಆಡುತ್ತಿದ್ದಳು. ಗಿರಣಿಯೊಳಗೆ ಕಾಲಿಡದ ನನಗೆ ಆ ವಿದ್ಯೆ ಹತ್ತಲಿಲ್ಲ.

ನಾನು ದೃಶ್ಯವನ್ನು ಮತ್ತೆ ಹಾಕಿದೆ. ಐವಿ ಎದ್ದು ಪರದೆಯ ಪಕ್ಕ ನಿಂತು ಬೆರಳು ತೋರಿಸಿದಳು.

“ಎಡಗಡೆ ಇರೋಳು ಮ್ಯಾಜ್. ‘ನೋಡೇ ಆ ಬೊಂಬೆನ. ಲಾಳೀಲಿ ನೂಲು ಮುಗ್ದು ಎಷ್ಟೊತ್ತಾಯ್ತು, ಇನ್ನೂ ನೇಯ್ತಾನೇ ಇದಾಳೆ.’ ಈಗ ಹೆಟ್ಟಿ. ‘ಅದಕ್ಕೇ ಅಳ್ತಿರ್ಬೇಕು ಬಿಡೆ.’ ಮತ್ತೆ ಮ್ಯಾಜ್. ‘ಆ ಹುಡುಗನ ಕೈ ನೋಡಿದ್ಯಾ? ನಮ್ಮತ್ತೆ ಮಾಡೋ ಹಿಟ್ಟಿನ ಮುದ್ದೆ ಥರ ಇದೆ. ಅಂಥೋನು ಹೋದ್ರೆ ಹಬ್ಬ ಮಾಡ್ಬೇಕು.’”

ನಲವತ್ತು ಜನ ಕುರ್ಚಿ ಅಲುಗಾಡುವಷ್ಟು ನಕ್ಕರು. ಇಮೊಜೆನ್ ಕೂಡ ಕಣ್ಣೊರೆಸಿಕೊಂಡು ನಕ್ಕರು. ಪರದೆಯ ಮೇಲೆ ಅಮ್ಮನ ತುಟಿ ಇನ್ನೂ ಆಡುತ್ತಲೇ ಇತ್ತು. ಐವಿ ಮಾತ್ರ ನಿಲ್ಲಿಸಿಬಿಟ್ಟಳು.

“ಆಮೇಲೇನು?” ಯಾರೋ ಕೂಗಿದರು.

“ಆಮೇಲೇನಿಲ್ಲ. ಚಹಾ ಆರೋಗತ್ತೆ, ನಡೀರಿ” ಎಂದು ಐವಿ ಕೋಟು ತೆಗೆದುಕೊಂಡಳು.

ಚಹಾದ ಮೇಜಿನ ಹತ್ತಿರ ಅವಳನ್ನು ಹಿಡಿದೆ. “ಐವಿ, ಆಮೇಲೇನೋ ಇತ್ತು.”

ಅವಳು ಶುಂಠಿ ಕೇಕನ್ನು ತಟ್ಟೆಯಲ್ಲೇ ಇಟ್ಟು ನನ್ನ ಮುಖ ನೋಡಿದಳು. “ನಿಮ್ಮಮ್ಮ ಹೇಳಿರ್ಬೇಕಲ್ಲೋ ನಿಂಗೆ.”

“ಏನನ್ನ?”

“ಅಯ್ಯೋ, ನಮ್ಮ ಕ್ಲಿಫ್!” ಎಂದವಳು ಕುರ್ಚಿ ಎಳೆದುಕೊಂಡು ಕುಳಿತಳು. “ಕೇಳು ಹಾಗಾದ್ರೆ. ನಿಮ್ಮಮ್ಮ ಹೇಳಿದ್ದು ಹೀಗೆ. ‘ಆರ್ಥರ್‌ಗೆ ಕವೆಂಟ್ರೀಲಿ ಕೆಲ್ಸ ಸಿಕ್ಕಿದೆ ಮ್ಯಾಜ್. ನೀನೂ ಬಾ ಅಂತಾನೆ. ನಾನು ಬರಲ್ಲ ಅಂದೆ. ಇಲ್ಲಿ ನಾನೇ ನಡೆಸೋ ನಾಲ್ಕು ಮಗ್ಗ ಇದೆ, ನನ್ನ ಸಂಬಳ ಇದೆ, ಅಲ್ಲಿ ಹೋಗಿ ಅವನ ಸಂಬಳಕ್ಕೆ ಕಾಯ್ತಾ ಅಡಿಗೆಮನೇಲಿ ಕೂರೋಳಲ್ಲ. ಬೇಕಾದ್ರೆ ನೀನು ಹೋಗು, ಮಗ ನನ್ನ ಹತ್ರ ಇರ್ತಾನೆ ಅಂದೆ. ನಿನ್ನೆ ಅತ್ತುಬಿಟ್ಟ ಕಣೇ ಅವನು. ನಂಗೆ ಅಳು ಬರ್ಲಿಲ್ಲ.’”

ಅಪ್ಪ ನಮ್ಮನ್ನು ಬಿಟ್ಟು ಓಡಿದವನು ಎಂದೇ ನಂಬಿ ನಾನು ಬೆಳೆದದ್ದು. ಅಮ್ಮ ಹಾಗೆ ಹೇಳಲಿಲ್ಲ, ಹಾಗಲ್ಲ ಎಂದೂ ಹೇಳಲಿಲ್ಲ. ಒಮ್ಮೆ ಅವನು ನನ್ನ ಬಸ್ಸು ಹತ್ತಿ “ಕ್ಲಿಫ್” ಎಂದ. ನಾನು ತಲೆಯೆತ್ತದೆ ಟಿಕೆಟ್ ಹರಿದು ಕೊಟ್ಟೆ.

“ಇದು ಊರಲ್ಲಿ ಯಾರ್ಯಾರಿಗೆ ಗೊತ್ತಿತ್ತು?”

“ಊರಿಗೆಲ್ಲ. ನಾನೂ ಅವತ್ತು ಚಿತ್ರಮಂದಿರದಲ್ಲಿದ್ದೆ. ಮೊದಲು ನಕ್ಕಿದ್ದೂ ಎಲ್ಲಾರೂ ತುಟಿ ಓದ್ಕೊಂಡೇ, ಆಮೇಲೆ ಬಾಯಿ ಮುಚ್ಕೊಂಡಿದ್ದೂ ಓದ್ಕೊಂಡೇ. ನಿಮ್ಮಮ್ಮ ತಲೆ ಬಗ್ಗಿಸ್ಲಿಲ್ಲ ನೋಡು. ಅಂಥಾ ಧೈರ್ಯ ಯಾವ ನಾಯಕಿ ಮುಖದಲ್ಲೂ ನಾನು ಕಂಡಿಲ್ಲ.”

ಕೋಪ ಬರಬೇಕಿತ್ತು. ಬರಲಿಲ್ಲ. ಮನೆಗೆ ಹೋಗಿ ಆ ನಲವತ್ತು ಸೆಕೆಂಡನ್ನು ಹನ್ನೊಂದು ಸಲ ನೋಡಿದೆ. ಐವಿ ಹೇಳಿದ ಮಾತುಗಳು ಅಮ್ಮನ ತುಟಿಗೆ ಒಂದೊಂದಾಗಿ ಹೊಂದಿದವು. ಕೊನೆಯ ಮಾತಿಗೆ ಅವಳು ಭುಜ ಕೊಡವಿ ಮಗ್ಗದತ್ತ ತಿರುಗುತ್ತಾಳೆ. ಆ ಭುಜ ನನಗೆ ಚೆನ್ನಾಗಿ ಗೊತ್ತು. ಬಸ್ಸಿನಲ್ಲಿ ಅಪ್ಪನ ಕಡೆ ನೋಡದಿದ್ದಕ್ಕೆ ಅವತ್ತು ನನಗೆ ನಾಚಿಕೆಯಾಯಿತು. ಅಮ್ಮನ ಬಗ್ಗೆ ಮಾತ್ರ ಹೆಮ್ಮೆಯೇ.

ಅಪ್ಪ ತೀರಿಕೊಂಡು ಇಪ್ಪತ್ತೆಂಟು ವರ್ಷವಾಗಿತ್ತು. ಕವೆಂಟ್ರಿಯಲ್ಲಿ ಅವನು ಮತ್ತೆ ಮದುವೆಯಾದ ಮೇಲೆ ಹುಟ್ಟಿದ ಮಗಳಿದ್ದಳು, ಮೋರೀನ್. ಅಪ್ಪ ಸತ್ತಾಗ ಅವಳು ಬರೆದಿದ್ದ ಕಾಗದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಮರುದಿನವೇ ಬರೆದೆ. ಆ ವಿಳಾಸದಲ್ಲೇ ಇದ್ದಳು. ಮೂರು ವಾರದ ಮೇಲೆ, ಮತ್ತೊಂದು ಗುರುವಾರ, ರೈಲಿನಲ್ಲಿ ಬಂದಳು. ಅಪ್ಪನ ಗಲ್ಲ, ಅಪ್ಪನ ನಡಿಗೆ.

ಅವತ್ತು ಇಮೊಜೆನ್ ಕೂಡ ಬಂದಿದ್ದರು. ಬರೆದಿದ್ದ ಲೇಖನವನ್ನು ಹರಿದುಹಾಕಿ, ಹೊಸದಾಗಿ ಬರೆಯಲು ಐವಿಯ ಪಕ್ಕ ಪುಸ್ತಕ ತೆರೆದು ಕುಳಿತಿದ್ದರು. ನಾನು ‘ಹತ್ತನೇ ಮಗ್ಗ’ವನ್ನು ಮತ್ತೆ ಹಾಕಿದೆ. ನನ್ನ ಒಪ್ಪಿಗೆ ಕೇಳಿ ಐವಿ ಈ ಸಲ ಅಮ್ಮನ ಮಾತನ್ನು ಪೂರ್ತಿ ಓದಿದಳು.

ದೀಪ ಹಾಕಿದ ಮೇಲೆ ಮೋರೀನ್ ಮೂಗೊರೆಸಿಕೊಂಡಳು.

“ಅಪ್ಪ ನಿಮ್ಮಮ್ಮನ ಬಗ್ಗೆ ಒಂದೇ ಮಾತು ಹೇಳ್ತಿದ್ದ ಅಣ್ಣ. ‘ಆ ಹೆಂಗಸಿನ ಹತ್ರ ವಾದ ಮಾಡಿ ಗೆದ್ದೋರಿಲ್ಲ’ ಅಂತ. ಆದ್ರೆ ಸಿನಿಮಾ ಮಾತ್ರ ದರಿದ್ರ. ಆ ನಾಯಕ! ಆ ಪಿಟೀಲು!”

“ಒಳ್ಳೇ ಸಿನಿಮಾ ಅದು” ಎಂದೆ.

“ನಿಂಗೆ ತಲೆ ಕೆಟ್ಟಿದೆ.”

“ನಾಯಕನ್ನ ನೋಡೋಕೆ ಹೇಳಿದ್ದು ಯಾರು ನಿಂಗೆ?”

ರೈಲು ನಿಲ್ದಾಣದ ತನಕ ವಾದ ಮಾಡುತ್ತಲೇ ಹೋದೆವು. ಅವಳು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಮುಂದಿನ ತಿಂಗಳು ಇನ್ನೊಂದು ತೋರಿಸುತ್ತೇನೆ, ಬಾ ಎಂದೆ. ಇದಕ್ಕಿಂತ ಕೆಟ್ಟದ್ದಿದ್ದರೆ ಖಂಡಿತ ಬರುತ್ತೇನೆ ಎಂದು ನಗುತ್ತಾ ರೈಲು ಹತ್ತಿದಳು.