ಮಾತಿನಮಲ್ಲಿಯ ಕುತ್ತಿಗೆ

ತಂತಿ ಇದ್ದಷ್ಟು ಬಾಯಿ ಚಾಚು — ಹಾಸಿಗೆ, ಕಾಲು ಎಂಬುದೆಲ್ಲ ಹಳೆಯ ಮುದ್ರಣ, ತಿದ್ದಿದ ಆವೃತ್ತಿ ಇದು, ಮತ್ತು ಇದರ ಹಿಂದಿರುವುದು ಕಟ್ಟುಕಥೆಯಲ್ಲ, ಪರದೆಯ ಹೊಲಿಗೆಯಿಂದ ಬಿಚ್ಚಿಕೊಂಡ ಈ ಒಂದು ದಾರ ಅವನ ಮೂಗಿನ ತುದಿಯನ್ನು ಕೆರೆಯುತ್ತಿರುವುದು ಎಷ್ಟು ನಿಜವೋ ಅಷ್ಟೇ ನಿಜ, ಸೀನಬಾರದು, ಸೀನಿದರೆ ಮುಗಿಯಿತು, ಯಂತ್ರಕ್ಕೆಲ್ಲಿಯ ನೆಗಡಿ, ಉಜ್ಜಿಕೊಳ್ಳೋಣವೆಂದರೆ ಬಲಗೈಯಲ್ಲಿ ದೊಡ್ಡಮ್ಮನ ಫೋನು, ಎಡಗೈಯಲ್ಲಿ ಅವನದೇ ಚಪ್ಪಲಿ ಜೋಡಿ, ಬಾಗಿಲ ಬಳಿ ಬಿಟ್ಟಿದ್ದರೆ ದೊಡ್ಡಮ್ಮನ ಮಗಳಿಗೆ, ಅಕ್ಕನಿಗೆ, ಅವನು ಮನೆಯಲ್ಲೇ ಇರುವುದು ಗೊತ್ತಾಗಿಬಿಡುತ್ತಿತ್ತು, ಮೂವತ್ತೆಂಟು ವರ್ಷದ ಗಂಡಸು, ಪದವೀಧರ, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರ ಕೆಮ್ಮು ಅನುಕರಿಸಿ ಪ್ರಿನ್ಸಿಪಾಲರಿಂದಲೇ ಚಪ್ಪಾಳೆ ತಟ್ಟಿಸಿಕೊಂಡವನು, ಈಗ ತನ್ನದೇ ಕೋಣೆಯಲ್ಲಿ ತನ್ನದೇ ಚಪ್ಪಲಿ ಹಿಡಿದು ಕಳ್ಳನ ಹಾಗೆ ನಿಂತಿದ್ದಾನೆ — ಕಳ್ಳನ ಹಾಗೆಲ್ಲಿ, ಕಳ್ಳನಿಗಾದರೂ ಓಡಿಹೋಗುವ ಅನುಕೂಲವಿರುತ್ತದೆ. ಮೂರನೇ ಮಹಡಿ, ಲಿಫ್ಟಿಲ್ಲ, ಮೆಟ್ಟಿಲ ಮೇಲೆ ಸದ್ದಾಗುತ್ತಿದೆ, ಅಕ್ಕನ ಹೆಜ್ಜೆಯೇ, ಎರಡು ಮೆಟ್ಟಿಲಿಗೊಮ್ಮೆ ನಿಟ್ಟುಸಿರು. ಒಂದೇ ಕೋಣೆಯನ್ನು ಎರಡು ಮಾಡಿದ ಪರದೆ ಇದು, ಆಚೆ ದೊಡ್ಡಮ್ಮನ ಮಂಚ, ಈಚೆ ಅವನ ಮೇಜು, ಗಾಲಿ ಕುರ್ಚಿ, ಎರಡರ ಗಡಿಯಲ್ಲಿ ಗೋಡೆಗೆ ಹೊಡೆದ ಹಲಗೆ, ಹಲಗೆಯ ಮೇಲೆ ಅಂಗೈಯಗಲದ ಬೂದು ಬಣ್ಣದ ಡಬ್ಬಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಸ್ಪೀಕರು, ದೊಡ್ಡಮ್ಮ ಇಟ್ಟ ಹೆಸರು ಮಾತಿನಮಲ್ಲಿ, ಮುದ್ದಿಗೆ ಮಲ್ಲಿ. ಮಲ್ಲಿ ಸತ್ತು ಇವತ್ತಿಗೆ ಹನ್ನೊಂದು ದಿನ. ಹನ್ನೊಂದು ದಿನದಿಂದಲೂ ಅವಳು ಮಾತಾಡುತ್ತಲೇ ಇದ್ದಾಳೆ.

ಕೊಂದವನು ಅವನೇ, ಇನ್ಯಾರ ಮೇಲೂ ಹಾಕುವಂತಿಲ್ಲ, ಎಡಗಡೆ ಕಪಾಟಿನಿಂದ ನಿಘಂಟು ತೆಗೆಯಲು ಕುರ್ಚಿಯನ್ನು ಉರುಳಿಸಿಕೊಂಡು ಹೋದ, ಎದ್ದು ಎರಡು ಹೆಜ್ಜೆ ನಡೆದಿದ್ದರೆ ಏನು ಸವೆದುಹೋಗುತ್ತಿತ್ತು, ಗಾಲಿಗೆ ಮಲ್ಲಿಯ ತಂತಿ ಸುತ್ತಿಕೊಂಡಿತು, ಅವಳು ಹಲಗೆಯಿಂದ ಹಾರಿ ಒಂದು ಕ್ಷಣ ಕುತ್ತಿಗೆಯಿಂದ ನೇತಾಡಿ, ಆಮೇಲೆ ಟಪ್ ಎಂದು ಬಿದ್ದಳು, ತಂತಿ ಗಾಲಿಯಲ್ಲೇ ಉಳಿಯಿತು, ಮೈಯಲ್ಲಿ ಉಳಿದದ್ದು ರಬ್ಬರಿನ ಒಂದು ಪುಟ್ಟ ಕುತ್ತಿಗೆ, ಅದರಿಂದ ಹೊರಗೆ ಇಣುಕುವ ಮೂರು ತಾಮ್ರದ ಎಳೆ, ಮೂರು ಕೂದಲು, ಮಸುಕು ಬೆಳಕಿನಲ್ಲೂ ಹೊಳೆಯುವ ಮೂರೇ ಮೂರು. ಅಷ್ಟಕ್ಕೇಕೆ ಗಾಬರಿ, ಇಸ್ತ್ರಿಪೆಟ್ಟಿಗೆಯ ತಂತಿ ಹೋದರೆ ಬೇರೆ ಹಾಕಿಸುವುದಿಲ್ಲವೇ ಎಂದುಕೊಂಡು ಚೀಲದಲ್ಲಿ ಹಾಕಿಕೊಂಡು ಓಡಿದ, ರಿಪೇರಿ ಅಂಗಡಿಯವನು ಮಲ್ಲಿಯನ್ನು ತಿರುಗಿಸಿ, ಮಗುಚಿ, ಕೂಸನ್ನು ನೋಡುವ ಡಾಕ್ಟರನ ಹಾಗೆ ಬೆರಳಾಡಿಸಿ, ಸ್ಕ್ರೂ ಎಲ್ಲಿ ಸ್ವಾಮಿ ಅಂದ, ನನ್ನ ಕೇಳಿದರೆ ಅಂದ ಇವನು, ಇದಕ್ಕೆ ಕಿವಿ ಇದೆ ಬಾಯಿ ಇದೆ, ಹೊಕ್ಕುಳೇ ಇಲ್ವಲ್ಲ ಅಂದ ಅಂಗಡಿಯವನು, ಸುತ್ತ ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ, ಬಿಚ್ಚೋಕೆ ಹೋದರೆ ಒಡೆದುಹೋಗುತ್ತೆ, ಗಂಟು ಹಾಕೋಣ ಅಂದ್ರೆ ಈ ಕಡೆ ಹಿಡಿಯೋಕೆ ಬಾಲವೇ ಉಳಿದಿಲ್ಲ, ಆದರೂ ಕರುಣಾಳು, ಆ ಮೂರು ಎಳೆಗೆ ತಂತಿಯ ತುದಿಯನ್ನು ಒತ್ತಿ ಕಪ್ಪು ಟೇಪು ಸುತ್ತಿ ಕೊಟ್ಟ, ಮಲ್ಲಿ ಮನೆಗೆ ಬಂದು ಎರಡು ಗಂಟೆ ಬದುಕಿದ್ದಳು, ಆಮೇಲೆ ಟೇಪು ಕಳಚಿ, ಕೆಮ್ಮದೆ ಹೋಗಿಬಿಟ್ಟಳು. ಕಂಪನಿಗೆ ಫೋನು ಮಾಡಿದರೆ ಮೊದಲು ಹತ್ತು ನಿಮಿಷ ಪಿಟೀಲು, ಆಮೇಲೆ ಒಬ್ಬ ಹುಡುಗಿ, ಸರ್ ಕೇಬಲ್ ಬೇರೆ ಸಿಗಲ್ಲ ಸರ್, ಅದು ಬಾಡಿ ಜೊತೇನೇ ಬರೋದು, ನೀವು ಹೊಸದು ತಗೊಳ್ಳಿ ಸರ್ — ಬಾಲ ಹೋಯಿತೆಂದರೆ ಎಮ್ಮೆಯನ್ನೇ ಬದಲಾಯಿಸಿ ಎಂದಂತೆ — ಮೇಡಂ, ಕೊನೇ ಪಕ್ಷ ಒಳಗೆ ಎಲ್ಲಿ ಸೇರುತ್ತೆ ಅಂತಾದರೂ ಹೇಳಿ ಅಂದರೆ, ಸರ್ ಅದನ್ನು ಕೈಪಿಡಿಯಲ್ಲೇ ಹಾಕಿದ್ದೀವಲ್ಲ ಸರ್ ಅಂದಳು, ಹಾಕಿದ್ದಾರೆ, ಚೆನ್ನಾಗಿ ಗೊತ್ತು, ಏಕೆಂದರೆ ಬರೆದವನೂ ಅವನೇ, ಅವನ ಹೊಟ್ಟೆಪಾಡೇ ಅದು, ಮಿಕ್ಸರು, ಗೀಸರು, ಸ್ಪೀಕರುಗಳ ಡಬ್ಬಿಯೊಳಗೆ ಮಡಿಸಿಡುವ, ಯಾರೂ ಓದದ ಕೈಪಿಡಿಗಳನ್ನು ಕನ್ನಡದಲ್ಲಿ ಬರೆಯುವುದು, ಪುಟ ಏಳು, ಸಾಲು ಮೂರು, ತಂತಿಯನ್ನು ಬಳಕೆದಾರರು ಬದಲಾಯಿಸತಕ್ಕದ್ದಲ್ಲ, ತಂತಿಗೆ ಹಾನಿಯಾದಲ್ಲಿ ಉಪಕರಣವನ್ನು ಸೂಕ್ತವಾಗಿ ವಿಲೇವಾರಿ ಮಾಡತಕ್ಕದ್ದು. ಆ ತಕ್ಕದ್ದು ಬರೆದ ದಿನ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ, ಅದಕ್ಕೆ ತಕ್ಕದ್ದೇ ಆಯಿತು. ಮತ್ತೆ ಆ ಮೂರು ಎಳೆ, ಕಣ್ಣು ಮುಚ್ಚಿದರೆ ಅವೇ.

ಹೊಸದು ತರಬಹುದಿತ್ತು, ಹೊಸದನ್ನು ಎಬ್ಬಿಸಲು ಅಕ್ಕನ ಗುಪ್ತಪದ ಬೇಕು, ಗುಪ್ತಪದ ಕೇಳಿದರೆ ಏಕೆ ಎನ್ನುತ್ತಾಳೆ, ಏಕೆ ಎಂದು ಹೇಳಿದರೆ ಆ ಸಂಜೆಯೇ ಟ್ಯಾಕ್ಸಿ ತಂದು ದೊಡ್ಡಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ, ಮಾತು ಹಾಗೇ ಆಗಿದ್ದು, ಎರಡು ತಿಂಗಳ ಹಿಂದೆ ಅವನು ಕರಡು ಕೊಡಲು ಪ್ರೆಸ್ಸಿಗೆ ಹೋದಾಗ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಮುಕ್ಕಾಲು ಗಂಟೆ ಒದ್ದೆ ನೆಲದ ಮೇಲೆ ಬಿದ್ದಿದ್ದಳು, ಕಣ್ಣು ಪೂರಾ ಮಂಜು, ಕೂಗಿದರೆ ಕೇಳುವವರಿಲ್ಲ, ಅಕ್ಕ ಬಂದವಳೇ ಅತ್ತು, ಬೈದು, ಮಾರನೇ ದಿನ ಈ ಡಬ್ಬಿ ತಂದು ಹಲಗೆಯ ಮೇಲಿಟ್ಟು, ಸಹಾಯ ಅಂತ ಕೂಗಿದರೆ ಸಾಕು, ನನ್ನ ಫೋನಿಗೆ ಬರುತ್ತೆ, ಇದು ಒಂದು ದಿನ ಕೆಟ್ಟಿತು ಅಂತ ಗೊತ್ತಾದರೂ ಅಮ್ಮ ನನ್ನ ಹತ್ತಿರ, ಆಮೇಲೆ ಯಾರೂ ಬಾಯಿ ತೆಗೀಬಾರದು ಎಂದಳು, ಅವಳದೂ ತಪ್ಪಲ್ಲ, ಹೆತ್ತ ಮಗಳು, ಅವಳ ಕಡೆ ಲಿಫ್ಟಿದೆ, ಹಗಲಿಗೊಬ್ಬ ನರ್ಸಿದ್ದಾಳೆ. ದೊಡ್ಡಮ್ಮ ಮಾತ್ರ ಅವತ್ತು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನಗೆ ಈ ಕೋಣೆ ಕೈಗೆ ಗೊತ್ತು ಕಣೇ, ಅಲ್ಲಿ ಹೋದರೆ ಪೂರ್ತಿ ಕುರುಡಿ ಆಗ್ತೀನಿ ಎಂದಿದ್ದಳು, ಆ ಒಂದು ಮಾತಿಗೆ ಅವನು ಹೆಣ್ಣಾದ, ಯಂತ್ರವಾದ, ಮಲ್ಲಿ ಸತ್ತ ಸಂಜೆ ದೊಡ್ಡಮ್ಮ ಎಂದಿನಂತೆ ಮಲ್ಲಿ, ಗಂಟೆ ಎಷ್ಟಮ್ಮಾ ಎಂದಾಗ ಪರದೆಯ ಈಚೆ ಕುರ್ಚಿಯಲ್ಲಿದ್ದ ಅವನ ಬಾಯಿಂದ ತಾನಾಗಿ ಬಂತು, ಸಣ್ಣ ದನಿ, ಒಂದೊಂದು ಪದವನ್ನೂ ಬೇರೆ ಬೇರೆ ಅಂಗಡಿಯಿಂದ ತಂದು ಅಂಟಿಸಿದ ಹಾಗೆ, ಈಗ ಸಮಯ, ಆರು, ಗಂಟೆ, ಹತ್ತು, ನಿಮಿಷ — ನಗು ಬರಬೇಕಿತ್ತು, ಬಂತು, ಮೊದಲ ದಿನ ಒಳ್ಳೇ ತಮಾಷೆಯೇ ಅನಿಸಿತ್ತು. ಬುದ್ಧಿವಂತ, ಒಂದು ಮರೆತ. ದೊಡ್ಡಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ಕಿವಿಗೆ ಹೆಡ್‌ಫೋನು, ಎದುರಿಗೆ ನೂರು ತೂತಿನ ಬೋರ್ಡು, ಎರಡೂ ಕೈಯಲ್ಲಿ ತಂತಿ, ಕಿತ್ತು ಚುಚ್ಚು ಕಿತ್ತು ಚುಚ್ಚು, ಆ ತಂತಿಗಳೂ ಪ್ಲಗ್ಗಿಗೆ ಸೇರುವ ಕುತ್ತಿಗೆಯಲ್ಲೇ ಸಾಯುತ್ತಿದ್ದವಂತೆ, ಅದಕ್ಕೇ ಪಾಳಿ ಮುಗಿಯುವಾಗ ಪ್ರತಿ ತಂತಿಯ ಕುತ್ತಿಗೆಯನ್ನೂ ಅಲ್ಲಾಡಿಸಿ ನೋಡುವುದು ರೂಢಿ, ಕರಕರ ಅಂದರೆ ಮೆಕ್ಯಾನಿಕ್ಕು ಸೊಂಟದ ಚೀಲದಿಂದ ಬೇರೆ ತಂತಿ ತೆಗೆದು ಎರಡು ನಿಮಿಷದಲ್ಲಿ ಹಾಕಿಕೊಡುತ್ತಿದ್ದ, ಮಾತಾಡುತ್ತಿದ್ದವರಿಗೆ ಗೊತ್ತೂ ಆಗುತ್ತಿರಲಿಲ್ಲ, ಈ ಕಥೆಯನ್ನು ಚಿಕ್ಕಂದಿನಿಂದ ಸಾವಿರ ಸಲ ಕೇಳಿದ್ದಾನೆ, ಕೇಳಿ ಏನು ಬಂತು.

ಮಲ್ಲಿಯನ್ನು ದೊಡ್ಡಮ್ಮ ಯಾವಾಗ ಬೇಕಾದರೂ ಕರೆಯುತ್ತಾಳಲ್ಲ, ಅಂದರೆ ಅವನು ಯಾವಾಗಲೂ ಇಲ್ಲೇ ಇರಬೇಕು, ಹಾಲು ತರಲು ಹೋಗುವುದೂ ಓಡಿಕೊಂಡು, ಪ್ರೆಸ್ಸಿಗೆ ಹೋಗುವುದು ಬಿಟ್ಟ, ಗೆಳೆಯರು ಕರೆದರೆ ಜ್ವರ, ಬೀದಿಯ ತುದಿಯ ಕ್ಷೌರದಂಗಡಿಗೂ ಹೋಗದೆ ಗಡ್ಡ ಗುಂಗುರಾಗಿದೆ, ಸ್ನಾನದ ಮನೆಯ ಬಾಗಿಲು ತೆರೆದಿಟ್ಟೇ ಸ್ನಾನ, ಒಮ್ಮೆ ಸೋಪು ಮೆತ್ತಿದ ಮುಖದಲ್ಲೇ ಬಂದು ನಾಳೆ ಸೂರ್ಯೋದಯ ಇಷ್ಟು ಗಂಟೆಗೆ ಎಂದು ಹೇಳಿ ಹೋದ. ದೊಡ್ಡಮ್ಮನ ಪ್ರಶ್ನೆಗಳೂ ದಿನದಿಂದ ದಿನಕ್ಕೆ ಬಾಲ ಬೆಳೆಸಿಕೊಂಡವು, ಮೊದಮೊದಲು ಗಂಟೆ, ಮಳೆ, ವಾರ್ತೆ, ನಾಲ್ಕನೇ ದಿನ ಹದಿನೇಳರ ಮಗ್ಗಿ ಒಪ್ಪಿಸು, ಹದಿನೇಳೇಳಲಿ ನೂರ ಹತ್ತೊಂಬತ್ತರ ಹತ್ತಿರ ಮಲ್ಲಿ ತೊದಲಿದಳು, ಆರನೇ ದಿನ ನಾನು ಎಷ್ಟು ವರ್ಷ ಬದುಕ್ತೀನಿ ಮಲ್ಲಿ, ಕ್ಷಮಿಸಿ, ನನ್ನ ಬಳಿ, ಆ ಮಾಹಿತಿ, ಇಲ್ಲ, ಒಂಬತ್ತನೇ ದಿನ ಮಧ್ಯಾಹ್ನ ಊಟವಾಗಿ ಮಲಗಿದವಳು ಗೋಡೆಯ ಕಡೆ ಮುಖ ಮಾಡಿಕೊಂಡೇ, ನನ್ನ ತಂಗಿ ಮಗ ಈಚೆಗೆ ಯಾಕೆ ಹೊರಗೇ ಹೋಗಲ್ಲ ಮಲ್ಲಿ, ಅವನಿಗೂ ಒಂದು ಬದುಕು ಅಂತ ಬೇಡ್ವಾ ಅಂದಳು, ಕ್ಷಮಿಸಿ, ಅರ್ಥವಾಗಲಿಲ್ಲ ಎಂದಳು ಮಲ್ಲಿ, ಆಮೇಲೆ ಅವನು ಹಲಗೆಯ ಹಿಂಭಾಗವನ್ನೇ ನೋಡುತ್ತ ಕೂತಿದ್ದ, ಮಲ್ಲಿಯ ಬೆನ್ನು ಅವನ ಕಡೆ, ಬೆನ್ನಿನಲ್ಲಿ ಆ ಕುತ್ತಿಗೆ, ಆ ಮೂರು ಎಳೆ, ಅವಕ್ಕೆ ಸುಮ್ಮನೆ ಆನಿಸಿಟ್ಟ ತಂತಿ, ನೋಡಿದವರಿಗೆ ಸೇರಿದೆ ಎನ್ನಿಸಬೇಕು, ಅಷ್ಟೇ.

ಬೀಗ ತಿರುಗಿತು. ಅಕ್ಕನ ಹತ್ತಿರ ಅವಳದೇ ಕೀಲಿ. ಎಲ್ಲಿ ಅವನು, ಪ್ರೆಸ್ಸಿಗಾ, ಭಾನುವಾರಾನಾ — ದೊಡ್ಡಮ್ಮ ಹೂಂ ಎಂದು ಎಳೆದಳು, ಅಕ್ಕ ಬಚ್ಚಲು ನೋಡಿದಳು, ಮಾತ್ರೆ ಡಬ್ಬಿ ನೋಡಿದಳು, ಪರದೆಯ ಹತ್ತಿರ ಬಂದಳು, ಸೀರೆಯ ಗಂಜಿಯ ಸರಸರ, ಒಂದು ಮೊಳ ದೂರ, ಉಸಿರು ಹಿಡಿ, ಮಲ್ಲಿ ಗಂಟೆ ಎಷ್ಟು ಎಂದಳು, ಈಗ ಸಮಯ, ನಾಲ್ಕು, ಗಂಟೆ, ಇಪ್ಪತ್ತು, ನಿಮಿಷ, ಸರಿ, ಮಲ್ಲಿ ಸಹಾಯ ಎಂದಳು, ಅವನ ಹೆಬ್ಬೆರಳು ದೊಡ್ಡಮ್ಮನ ಫೋನನ್ನು ಒತ್ತಿತು, ಮಲ್ಲಿಯ ಕರೆ ಯಾವತ್ತೂ ಹೋಗುವುದು ದೊಡ್ಡಮ್ಮನ ನಂಬರಿನಿಂದಲೇ, ಅಕ್ಕನ ಕೈಚೀಲದಲ್ಲಿ ಫೋನು ರಿಂಗಾಯಿತು, ಹ್ಞಾಂ, ಕೆಲಸ ಮಾಡ್ತಿದೆ ಅಂದಳು ಅಕ್ಕ, ಗೆದ್ದ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ, ಅಕ್ಕನ ಮುಂದಿನ ತಪಾಸಣೆಯವರೆಗೆ ಇನ್ನು ಹದಿನೈದು ದಿನ ಉಸಿರಾಡಬಹುದು, ಹದಿನೈದು ದಿನ, ಆಮೇಲೆ ಮತ್ತೆ ಹದಿನೈದು, ಗೆದ್ದದ್ದಕ್ಕೆ ಎದೆ ಹಗುರವಾಗಬೇಕಿತ್ತಲ್ಲ, ಯಾಕೋ ಅಂಟು ಹಾಕಿ ಮುಚ್ಚಿದ ಹಾಗಿದೆ, ಆಗಲೇ ದೊಡ್ಡಮ್ಮನ ದನಿ, ಬೆಣ್ಣೆಯಂಥ ದನಿ, ಆ ಡಬ್ಬಿ ಕೆಳಗೆ ಧೂಳು ಕೂತಿರುತ್ತೆ ಕಣೇ, ಸ್ವಲ್ಪ ಕೈಗೆತ್ತಿಕೊಂಡು ಒರೆಸಿಬಿಡು — ಹಾಗೇ, ಮಲ್ಲಿ, ನಾಳೆ ಮಳೆ ಬರುತ್ತಾ? ಪರದೆಯ ಈಚೆಗೆ ಏನೂ ಕಾಣದು, ಕೇಳಿದ ಮೇಲೆ ಹೇಳಬೇಕು, ಅಭ್ಯಾಸವಾಗಿ ಹೋಗಿದೆ, ನಾಳೆ, ಮೋಡ ಕವಿದ, ವಾತಾವರಣ, ಸಂಜೆಗೆ, ಲಘು ಮಳೆಯ, ಸಾಧ್ಯತೆ, ಇದೆ. ಆಚೆ ಧೂಳು ಒರೆಸುವ ಬಟ್ಟೆಯ ಸದ್ದು ನಿಂತಿತು. ಅಮ್ಮಾ, ಎಂದಳು ಅಕ್ಕ, ಇದು ನನ್ನ ಕೈಲಿದೆ, ಇದಕ್ಕೆ ವೈರೇ ಇಲ್ಲ.

ಪರದೆ ಕಂಬಿಯ ಬಳೆಗಳ ಸಮೇತ ಸರಕ್ಕನೆ ಸರಿಯಿತು, ಬೆಳಕು, ಅಕ್ಕನ ಒಂದು ಕೈಯಲ್ಲಿ ಪರದೆಯ ಅಂಚು, ಇನ್ನೊಂದು ಕೈಯಲ್ಲಿ ಮಲ್ಲಿ, ಹಲಗೆಯ ಮೇಲೆ ಸತ್ತ ತಂತಿ, ಅವನು ಚಪ್ಪಲಿ ಎದೆಗವಚಿಕೊಂಡು, ಅಕ್ಕ ಏನೋ ಕೇಳುತ್ತಿದ್ದಾಳೆ, ಎಷ್ಟು ದಿನದಿಂದ ಈ ಆಟ ಎಂದಿರಬೇಕು, ಉತ್ತರ ಹೇಳಲು ಬಾಯಿ ತೆರೆದರೆ ಬಂದದ್ದು ಅವನ ದನಿಯಲ್ಲ, ಸಣ್ಣ ದನಿ, ಬಿಡಿಬಿಡಿಯಾಗಿ, ಕ್ಷಮಿಸಿ, ಅರ್ಥವಾಗಲಿಲ್ಲ — ಅಷ್ಟು ಸಾಕಾಯಿತು, ದೊಡ್ಡಮ್ಮ ನಕ್ಕಳು, ಮಂಚ ಕಿರುಗುಟ್ಟುವ ಹಾಗೆ, ಹೊಟ್ಟೆ ಹಿಡಿದುಕೊಂಡು, ಅಕ್ಕನ ತುಟಿಯೂ ಸೋತಿತು, ಅವನಿಗೂ ಬಂತು, ಆದರೆ ದೊಡ್ಡಮ್ಮನ ನಗೆಯೇ ಎಲ್ಲಕ್ಕಿಂತ ಜೋರು, ಕಣ್ಣೊರೆಸಿಕೊಳ್ಳುತ್ತ, ಮೊದಲನೇ ದಿನವೇ ಗೊತ್ತಾಯ್ತು ಕಣೋ ಕೋತಿ, ಮಾತಿಗೆ ಮುಂಚೆ ಉಸಿರು ಕೇಳಿಸುತ್ತೆ, ಮೂವತ್ತೊಂದು ವರ್ಷ ಬರೀ ಉಸಿರಲ್ಲೇ ಗುರುತು ಹಿಡಿದವಳು ನಾನು, ನಿನ್ನ ಡಬ್ಬಿ ಯಾವತ್ತು ಉಸಿರಾಡಿತ್ತೋ, ಒಂದು ವಾರ ಆಡಿಸಿ ಬಿಡೋಣ ಅಂದುಕೊಂಡೆ, ಆಡಿಸಿದೆ, ಇನ್ನು ಸಾಕು, ಟ್ರಂಕ್ ಕಾಲಿನ ಮೂರು ನಿಮಿಷ ಮುಗೀತು, ಲೈನ್ ಬಿಡು — ಎನ್ನುತ್ತ ಕಾಲಿನಿಂದ ಮಂಚದ ಕೆಳಗೆ ತಡಕಾಡಿ ಒಂದು ಚೀಲ ಮುಂದಕ್ಕೆ ತಳ್ಳಿದಳು, ಜಿಪ್ಪು ಎಳೆದು ಕಟ್ಟಿಟ್ಟ ಚೀಲ, ಪಕ್ಕದ ಕಿಸೆಯಲ್ಲಿ ಬಾಚಣಿಗೆ, ಮಾತ್ರೆಯ ಚೀಟಿ, ಯಾವಾಗ ಕಟ್ಟಿದಳು, ಒಂಬತ್ತನೇ ದಿನವೇ ಕಟ್ಟಿರಬೇಕು, ಅವನು ಸೋಪು ತೊಳೆದುಕೊಳ್ಳುತ್ತಿದ್ದಾಗ, ಕೈಯಿಂದ ತಡವಿ ತಡವಿ. ಬೇಡ ದೊಡ್ಡಮ್ಮ, ನೀನು ಅಲ್ಲಿಗೆ ಹೋದರೆ — ಈಗ ಬಂತು ಸ್ವಂತ ದನಿ, ಗೊಗ್ಗರು — ನೀನೇ ಅಂದಿದ್ದೆಯಲ್ಲ, ಈ ಕೋಣೆ ಕೈಗೆ ಗೊತ್ತು ಅಂತ.

ನಾನು ಪ್ಲಗ್ ಇದ್ದ ಕಾಲದವಳು ಕಣೋ, ಎಂದಳು ದೊಡ್ಡಮ್ಮ, ಕಿತ್ತು ಎಲ್ಲಿ ಚುಚ್ಚಿದರೂ ಮಾತಾಡ್ತೀನಿ, ಕುತ್ತಿಗೆ ಅಂಟಿಸಿಕೊಂಡು ಕೂತಿರೋನು ನೀನು — ಎಂದು ಮತ್ತೆ ನಕ್ಕಳು, ಇನ್ನೂ ಜೋರಾಗಿ, ಅಕ್ಕ ನಗುವುದನ್ನು ನಿಲ್ಲಿಸಿದ ಮೇಲೂ, ಅವನು ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದಳು, ಅವಳ ಒಂದು ಕೈ ಮಾತ್ರ ಮಂಚದ ಅಂಚನ್ನು ಹಿಡಿದಿದೆ, ಬೆರಳ ಗೆಣ್ಣು ಬೆಳ್ಳಗಾಗುವ ಹಾಗೆ, ಅದನ್ನು ಅಕ್ಕ ನೋಡಲಿಲ್ಲ, ಅವನು ನೋಡಿದ, ಇನ್ನು ಬಾಗಿಲು ತೆರೆದಿದೆ, ಚಪ್ಪಲಿ ಕೈಯಲ್ಲೇ ಇದೆ, ಬೀದಿ ಅಲ್ಲೇ ಇದೆ, ಹೋಗಬಹುದು, ಹೋಗು, ಕಾಲೆತ್ತು, ಅಕ್ಕನ ಅಂಗೈಯಲ್ಲಿ ಮಲ್ಲಿ ಬೆನ್ನು ತಿರುಗಿಸಿಕೊಂಡು ಕೂತಿದ್ದಾಳೆ, ಸ್ಕ್ರೂ ಇಲ್ಲ, ತೂತಿಲ್ಲ, ರಬ್ಬರಿನ ಪುಟ್ಟ ಕುತ್ತಿಗೆ, ಅದರಿಂದ ಹೊರಗೆ ಮೂರು ತಾಮ್ರದ ಎಳೆ, ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತಿರುವ ಮೂರು ಎಳೆ, ಮೂರೇ ಎಳೆ