ಹುಬ್ಬು ಮುಟ್ಟಬೇಡಿ

ತಣ್ಣಗೆ ಏನೋ ರೆಪ್ಪೆಗೆ ತಾಗಿತು, ಸ್ಪಿರಿಟ್ಟಿನ ಹತ್ತಿ ಇರಬೇಕು, ಕಾಣುವುದೆಲ್ಲಿ, ಕಣ್ಣು ಮತ್ತೆ ಮುಚ್ಚಿಕೊಂಡಿದೆ, ನಾನು ಮುಚ್ಚಿದ್ದಲ್ಲ, ಅದೇ ಮುಷ್ಟಿಯ ಹಾಗೆ ಬಿಗಿದು ಕೂತಿದೆ, ತೆರೆ ಅಂದರೆ ತೆರೆಯುವುದಿಲ್ಲ, ಹಾಗಾದರೆ ಯಾರ ಕಣ್ಣು ಇದು — ಸಡಿಲ ಬಿಡಿ ಮತ್ರೋನಾ, ಅನ್ನುತ್ತಾಳೆ ಡಾಕ್ಟರಮ್ಮ, ಆಂಕರೇಜಿನಿಂದ ಬೆಳಗಿನ ವಿಮಾನಕ್ಕೆ ಬಂದವಳು, ಬಿಡೋಕೆ ಬಂದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಅಂತ ನಾನು, ಮೂಲೆಯ ಕುರ್ಚಿ ಕಿರುಗುಟ್ಟಿತು, ಅಕ್ಕ ನಸ್ತಾಸ್ಯಾ, ಕೈಕಟ್ಟಿ ಕೂತಿರುತ್ತಾಳೆ, ನೋಡದೆಯೂ ಗೊತ್ತು. ಬೆಥೆಲ್‌ನ ಈ ಆಸ್ಪತ್ರೆಗೆ ಬರುವಾಗ ದೋಣಿಯಲ್ಲಿ ದಾರಿಯುದ್ದಕ್ಕೂ ಅವಳದು ಒಂದೇ ಮಾತು, ಅಮ್ಮನ್ನ ಕೊಂದ ವಿಷ ಕಣೇ ಅದು, ಅದನ್ನೇ ಸೀಸೆಗೆ ಹಾಕಿ ಔಷಧಿ ಅಂತಾರೆ, ನೀನು ಹೋಗಿ ಮುಖ ಒಡ್ತೀಯಲ್ಲ, ನಾಚಿಕೆ ಆಗಲ್ವಾ — ಆಗಲ್ಲ ಅಕ್ಕ, ನಾಚಿಕೆ ಆದದ್ದು ಕಳೆದ ಬೇಸಿಗೆ, ಮೀನು ಹಿಡಿಯುವ ಬಿಡಾರದಲ್ಲಿ, ಸಾಲ್ಮನ್ ಹೊಟ್ಟೆ ಸೀಳುವಾಗ ಈ ಕಣ್ಣು ಫಟ್ಟನೆ ಮುಚ್ಚಿ ಚೂರಿ ಹೆಬ್ಬೆರಳಿಗೆ ಇಳಿದಾಗ, ಅಮ್ಮನ ಚೂರಿ, ಅರ್ಧಚಂದ್ರದ ಅಲಗಿನದು, ನನ್ನ ಕೈಯಿಂದ ನೀನೇ ಕಿತ್ತುಕೊಂಡೆ, ಹೋಗಿ ಮಕ್ಕಳ ಹತ್ರ ಕೂತ್ಕೋ ಅಂದೆ, ಮೊಮ್ಮಕ್ಕಳನ್ನು ಕಂಡವಳಿಗೆ ಈ ಮಾತು, ಕೂತೆ, ರಕ್ತ ಚೀಪುತ್ತ ಕೂತೆ. ಆ ಚೂರಿ ನನಗೆ ವಾಪಸ್ ಬೇಕು, ಈ ಬೇಸಿಗೆಗೇ ಬೇಕು, ಅದಕ್ಕೆ ವಿಷವಾದರೆ ವಿಷ, ಚುಚ್ಚಲಿ.

ನರ ಕೂಗಿದ್ದು ಸ್ನಾಯುವಿಗೆ ಕೇಳಿಸದ ಹಾಗೆ ಮಾಡತ್ತೆ, ಅಷ್ಟೇ ಇದರ ಕೆಲಸ, ಅಂದಿದ್ದಳು ಡಾಕ್ಟರಮ್ಮ, ಕಣ್ಣಿನ ಸುತ್ತ ಅಲ್ಲಲ್ಲಿ ಒಂದಿಷ್ಟೇ ಇಷ್ಟು, ಮೂರು ತಿಂಗಳಿಗೆ ಇಳಿದುಹೋಗತ್ತೆ, ಆಮೇಲೆ ಮತ್ತೆ ಬನ್ನಿ. ಅಮ್ಮನ ಮೈಯಲ್ಲಿ ಅದಕ್ಕೆ ಅಳತೆ ಹೇಳುವವರಿರಲಿಲ್ಲ, ಮೊದಲು ರೆಪ್ಪೆ ಬಿತ್ತು, ಆಮೇಲೆ ನಾಲಿಗೆ, ಗಂಟಲು, ಉಸಿರು — ಆ ಬೆರಳು, ಬೇಡ, ಅದು ಈಗ ಬೇಡ. ಅಜ್ಜಿ ಮೀನಿನ ತಲೆಗಳನ್ನು ಹುಲ್ಲು ಹಾಸಿದ ಗುಂಡಿಯಲ್ಲಿ ಹೂಳುತ್ತಿದ್ದಳು, ತಣ್ಣನೆಯ ಮಣ್ಣಿನಲ್ಲಿ ಹುದುಗಿ ಮೆತ್ತಗಾಗಿ, ನಾತ ಊರಾಚೆಗೂ, ರುಚಿ ಹೇಳತೀರದು, ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಂಡರು, ಅಯ್ಯೋ ಮಣ್ಣಲ್ಲಿ ಹೂತಿದ್ದನ್ನ ತಿಂತೀರಾ, ಅಮ್ಮನಿಗೆ ಆ ಮಾತು ಚುಚ್ಚಿತು, ಬಿಳಿ ಪ್ಲಾಸ್ಟಿಕ್ ಬಕೆಟ್ ತಂದಳು, ಉಜ್ಜಿ ತೊಳೆದಳು, ತಲೆ ತುಂಬಿ ಮುಚ್ಚಳ ಬಿಗಿದಳು, ಒಲೆಯ ಪಕ್ಕ ಇಟ್ಟಳು, ಈಗ ಬಂದು ನೋಡ್ಲಿ ಎಷ್ಟು ಚೊಕ್ಕ ಇದೆ ಅಂತ. ಗಾಳಿಯಾಡದ ಬೆಚ್ಚನೆಯ ಕತ್ತಲು, ಈ ವಿಷ ಹುಟ್ಟಲು ಬೇಕಾದದ್ದೂ ಅದೇ, ಮೊದಲು ತಿಂದವಳು ಅಮ್ಮನೇ. ಆಮೇಲೆ ಎಲ್ಲರೂ ಮೀನಿನ ತಲೆ ತಿನ್ನಬೇಡಿ ಅಂದರು, ಬಕೆಟ್ಟಿಗೆ ಯಾರೂ ಬಯ್ಯಲಿಲ್ಲ, ಅಕ್ಕ ಅವತ್ತಿನಿಂದ ಮುಟ್ಟಿಲ್ಲ, ನಾನು ಬಿಟ್ಟಿಲ್ಲ, ಪ್ರತಿ ವರ್ಷ ಹೂಳುತ್ತೇನೆ, ಹುಲ್ಲಿನಲ್ಲಿ, ಮಣ್ಣಿನಲ್ಲಿ, ಅಜ್ಜಿಯ ಗುಂಡಿಯಲ್ಲೇ, ಕೂತು ತಿನ್ನುತ್ತೇನೆ, ಮೂಗು ಮುಚ್ಚುವವರು ಮುಚ್ಚಿಕೊಳ್ಳಲಿ.

ಹುಬ್ಬಿನ ಮೇಲೂ ಒಂದೆರಡು ಹಾಕ್ತೀನಿ ಮತ್ರೋನಾ, ಹಣೆ ನುಣ್ಣಗಾಗತ್ತೆ, ನಮ್ಮೂರಲ್ಲಿ ಹೆಂಗಸರು ಇದಕ್ಕೇ ಸಾಲು ನಿಲ್ತಾರೆ, ಅನ್ನುತ್ತಾಳೆ, ಹುಬ್ಬು ಮುಟ್ಟಬೇಡಿ ಅಂದೆ, ಸ್ವಲ್ಪ ಜೋರಾಗಿಯೇ ಅಂದೆನೇನೋ, ಯಾಕೆ ಅಂತಾಳೆ, ಪಾಪ ಹೊಸಬಳು, ನಮ್ಮಲ್ಲಿ ಹೌದು ಅನ್ನುವುದೇ ಹುಬ್ಬೇರಿಸಿ, ಬಾಯಿ ಬೇಕಿಲ್ಲ, ಗಂಡನಿಗೆ ನಾನು ಒಪ್ಪಿಗೆ ಕೊಟ್ಟದ್ದೂ ಹಾಗೇ, ಹುಬ್ಬು ಜೋತುಬಿದ್ದರೆ ಹೌದು ಅನ್ನಲಿ ಹೇಗೆ — ಅವಳು ಯಾವತ್ತು ಹೌದು ಅಂದಿದಾಳೆ, ಹುಟ್ಟಿದಾಗಿಂದ ಇಲ್ಲ ಅನ್ನೋದೇ, ಅಂತ ಮೂಲೆಯಿಂದ ಅಕ್ಕ, ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಭಯ ಅವಳಿಗೆ, ನನ್ನನ್ನೂ ಕಳೆದುಕೊಳ್ಳುತ್ತೇನೆ ಅಂತ, ನನಗೂ ಇದೆ ಭಯ, ಇರಲಿ ಬಿಡು, ಭಯ ಇದ್ದರೆ ಚುಚ್ಚಿಸಿಕೊಳ್ಳಬಾರದು ಅಂತ ಏನಿಲ್ಲ. ಸರಿ, ಹುಬ್ಬು ಬಿಡ್ತೀನಿ, ಶುರು ಮಾಡ್ಲಾ, ಡಾಕ್ಟರಮ್ಮ ಕೇಳುತ್ತಾಳೆ, ಹುಬ್ಬೇರಿಸುತ್ತೇನೆ, ಏರುವುದಿಲ್ಲ, ಬಿಗಿದ ಕಣ್ಣು ಅದನ್ನೂ ಕೆಳಕ್ಕೆ ಜಗ್ಗುತ್ತದೆ, ಅವತ್ತು ಅಮ್ಮನಿಗೂ ಏರಲಿಲ್ಲ, ಆಸ್ಪತ್ರೆಯ ಹಾಸಿಗೆ, ಎರಡೂ ರೆಪ್ಪೆ ಬಿದ್ದಿವೆ, ಮಾತು ನಿಂತಿದೆ, ಅಕ್ಕ ಹೊರಗೆ ಹೋಗಿದ್ದಾಳೆ, ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದೇನೆ, ಅಮ್ಮಾ, ಬರೋ ಬೇಸಿಗೆಗೂ ಮೀನಿನ ತಲೆ ಹೂಳೋಣ್ವಾ, ಅಜ್ಜಿ ಗುಂಡೀಲಿ, ಕೇಳುವ ಹೊತ್ತಾ ಅದು, ಬದುಕ್ತೀಯಾ ಅಂತ ಕೇಳಲು ಧೈರ್ಯವಿರಲಿಲ್ಲ ನನಗೆ, ಅದಕ್ಕೇ ಇದನ್ನು ಕೇಳಿದೆ — ಅವಳ ಕೈ ಎದ್ದಿತು, ಬೆರಳು ಕೆನ್ನೆ ತಡವಿ, ರೆಪ್ಪೆ ದಾಟಿ — ಅಕ್ಕನಿಗೆ ಇದು ಗೊತ್ತಿಲ್ಲ, ಹೇಳಬೇಕು, ದೋಣಿಯಲ್ಲಿ ಹೇಳುತ್ತೇನೆ — ಏನಂತೀರಿ ಮತ್ರೋನಾ, ಶುರು ಮಾಡ್ಲಾ, ನನ್ನ ಕೈ ಏಳುತ್ತದೆ, ಬೆರಳು ಹುಬ್ಬಿಗೆ ಹೋಗುತ್ತದೆ, ನನ್ನದೋ ಅವಳದೋ — ಬೆರಳು, ಹುಬ್ಬು, ಮೇಲಕ್ಕೆ ತಳ್ಳುತ್ತಿದ್ದಾಳೆ ಅಮ್ಮ, ಮೇಲಕ್ಕೆ